‘ಮಲಗು!’ ಎಂದ ಗೋವೆಯ ಪಾದ್ರಿ

ಮಧ್ಯಾಹ್ನ ಎರಡು ಗಂಟೆಗೆ ಪಣಜಿಯಲ್ಲಿ ಕದಂಬ ಬಸ್ಸಿನಿಂದ ಇಳಿದರೆ ಹಳೆಯ ಅಂಗಡಿಗಳ ಶಟರ್ ಇಳಿದಿರುತ್ತದೆ. ಮೀನುಸಾರು ಅನ್ನ ಉಂಡ ಯಜಮಾನರು ಮನೆಯಲ್ಲಿ ಅಡ್ಡಾಗಿರುತ್ತಾರೆ. ನಾಲ್ಕರತನಕ ಕಾಯಬೇಕು. ಇದನ್ನು ಸೋಮಾರಿತನ ಎನ್ನುವುದು ಘಟ್ಟದ ಮೇಲಿನ ನಮ್ಮವರ ಚಾಳಿ. ಆದರೆ ಆ ತೂಕಡಿಕೆಗೆ ಊಟವೊಂದೇ ಕಾರಣವಲ್ಲ. ಉಪವಾಸ ಇದ್ದವರನ್ನೂ ಅದು ಆ ಹೊತ್ತಿಗೆ ಬಂದು ಹಿಡಿಯುತ್ತದೆ. ಬೆಳಗಿನಿಂದ ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಕೂಡುತ್ತ ಹೋಗುತ್ತದೆ. ಅದರ ಮೇಲೆ, ಮೈಯೊಳಗಿನ ಗಡಿಯಾರದ ಬಿಗಿಯೂ ಮಧ್ಯಾಹ್ನ ಕೊಂಚ ಸಡಿಲುತ್ತದೆ. ಕಾಫಿ ಕುಡಿದರೆ ಅಡೆನೊಸಿನ್ ಕೂರಬೇಕಾದ ಜಾಗದಲ್ಲಿ ಕೆಫೀನ್ ಹೋಗಿ ಕೂರುತ್ತದೆ, ಅಷ್ಟೆ. ನಿದ್ದೆಯ ಸಾಲ ತೀರುವುದಿಲ್ಲ.

ಅಂಗಡಿ ತೆರೆಯುವತನಕ ಮಾಂಡವಿಯ ದಂಡೆಗೆ ಹೋಗಿ. ವಿಜಯಪುರದ ಆದಿಲಶಾಹಿಗಳ ಹಳೆಯ ಅರಮನೆಯ ಪಕ್ಕದಲ್ಲೊಂದು ಕಂಚಿನ ಪ್ರತಿಮೆ ಇದೆ. ನಿಲುವಂಗಿ ತೊಟ್ಟ ಗಂಡಸೊಬ್ಬ ಎರಡೂ ಕೈ ಚಾಚಿ ನಿಂತಿದ್ದಾನೆ. ಅವನೆದುರು ಹೆಂಗಸೊಬ್ಬಳು ಹಿಂದಕ್ಕೆ ಒರಗಿ ಬಿದ್ದಿದ್ದಾಳೆ. ಮೊದಲ ಸಲ ನೋಡಿದವರಿಗೆ ಮಾಟಗಾರನೇ ಅನ್ನಿಸಬೇಕು. ಅವರು ಆಬೆ ಫರಿಯಾ, ಹುಟ್ಟಿದ್ದು 1756ರಲ್ಲಿ, ಇಲ್ಲೇ ಬಾರ್ದೇಸ್‌ನ ಕಾಂದೋಳಿಯಲ್ಲಿ. ರಾಮಚಂದ್ರ ಪಾಂಡುರಂಗ ಕಾಮತ್ ಮಾಡಿದ ಈ ಪ್ರತಿಮೆ ನಿಂತದ್ದು 1945ರಲ್ಲಿ.

ಫರಿಯಾ ಬಗ್ಗೆ ಗೋವೆಯವರು ಹೇಳುವ ಕಥೆಯೊಂದಿದೆ. ಪೋರ್ಚುಗಲ್ ರಾಣಿಯ ಮುಂದೆ ಪ್ರವಚನಕ್ಕೆ ನಿಂತ ಯುವ ಪಾದ್ರಿಗೆ ಬಾಯಿ ಕಟ್ಟಿತಂತೆ. ಕೆಳಗೆ ಕೂತಿದ್ದ ಅಪ್ಪ ಕೊಂಕಣಿಯಲ್ಲಿ ಪಿಸುಗುಟ್ಟಿದರು: ‘ಹಿ ಸಗ್ಳಿ ಭಾಜಿ, ಕಾತರ್ ರೇ ಭಾಜಿ.’ ಇವರೆಲ್ಲ ಬರೀ ಸೊಪ್ಪು, ಹೆಚ್ಚು ಮಗನೇ! ಮಾತು ಹೊಳೆಯಾಗಿ ಹರಿಯಿತು. ಕಥೆ ನಿಜವೋ ಕಟ್ಟಿದ್ದೋ, ಒಂದು ಮಾತಿನಿಂದ ಮನಸ್ಸು ಹೇಗೆ ತಿರುಗೀತು ಎಂದು ಮುಂದೆ ಜೀವಮಾನವಿಡೀ ಯೋಚಿಸಿದವರಿಗೆ ತಕ್ಕದ್ದಾಗಿಯೇ ಇದೆ.

1813ರಲ್ಲಿ ಪ್ಯಾರಿಸ್ಸಿನಲ್ಲಿ ಫರಿಯಾ ತಮ್ಮ ಸಮ್ಮೋಹನದ ಪ್ರದರ್ಶನ ಶುರುಮಾಡಿದರು. ಆಗ ಮೆಸ್ಮರ್ ಎಂಬ ವೈದ್ಯನ ವಾದದ್ದೇ ಕಾರುಬಾರು: ಚಿಕಿತ್ಸೆ ಮಾಡುವವನ ಮೈಯಿಂದ ಅಯಸ್ಕಾಂತದಂಥ ದ್ರವವೊಂದು ಹರಿದು ರೋಗಿಯನ್ನು ಹೊಗುತ್ತದೆ ಎಂಬುದು. ಫರಿಯಾ ಆರಾಮಾಗಿ ಕೂರಿಸಿ, ಕಣ್ಣು ಮುಚ್ಚಿಸಿ, ನಿದ್ದೆಯನ್ನೇ ನೆನೆಯಿರಿ ಎನ್ನುತ್ತಿದ್ದರು. ಆಮೇಲೆ ಗಟ್ಟಿ ದನಿಯಲ್ಲಿ ‘ಮಲಗು!’ ಕೆಲವರು ಒರಗಿಬಿಡುತ್ತಿದ್ದರು, ಕೆಲವರಿಗೆ ಏನೂ ಆಗುತ್ತಿರಲಿಲ್ಲ. ಫರಿಯಾರ ಜಾಣತನ ಇರುವುದು ಈ ಎರಡನೆಯವರನ್ನು ಗಮನಿಸಿದ್ದರಲ್ಲಿ. ದ್ರವ ಹರಿಯುವುದಾದರೆ ಎಲ್ಲರಿಗೂ ಹರಿಯಬೇಕಲ್ಲ? ಶಕ್ತಿ ನನ್ನಲ್ಲಿಲ್ಲ, ಮಲಗುವವರಲ್ಲಿದೆ ಎಂದರು. ಜನಕ್ಕೆ ಇದು ರುಚಿಸಲಿಲ್ಲ. ಪವಾಡಪುರುಷ ತಾನೇ ಪವಾಡವಿಲ್ಲ ಅಂದರೆ ಯಾರಿಗೆ ಬೇಕು? ನಟನೊಬ್ಬ ನಿದ್ದೆಯ ಸೋಗು ಹಾಕಿ ಅವರನ್ನು ನಗೆಪಾಟಲು ಮಾಡಿದ. 1816ರಲ್ಲಿ ಅಣಕದ ನಾಟಕವೂ ಬಂತು. ‘ಎಚ್ಚರದ ನಿದ್ದೆ’ಯ ಕಾರಣ ಕುರಿತ ಅವರ ಪುಸ್ತಕ ಅಚ್ಚಾದ 1819ರಲ್ಲೇ ಅವರು ತೀರಿಕೊಂಡರು. ಅಲೆಕ್ಸಾಂಡರ್ ಡ್ಯೂಮಾ ಮುಂದೆ ‘ಮಾಂಟೆ ಕ್ರಿಸ್ಟೊ’ ಕಾದಂಬರಿಯಲ್ಲಿ ಅದೇ ಹೆಸರಿನ ಪಾದ್ರಿಯನ್ನು ಸೆರೆಮನೆಯಲ್ಲಿ ಕೂರಿಸಿದ. ಲೋಕಕ್ಕೆ ನೆನಪಿರುವುದು ಆ ಪಾದ್ರಿಯೇ.

ಹಾಗಾದರೆ ಒರಗಿದವರು ನಿಜಕ್ಕೂ ನಿದ್ರಿಸುತ್ತಿದ್ದರೇ? ಇಲ್ಲ. ತಲೆಗೆ ತಂತಿ ಅಂಟಿಸಿ ಮಿದುಳಿನ ಅಲೆ ಅಳೆದರೆ ಸಮ್ಮೋಹನದಲ್ಲಿರುವವರದು ಎಚ್ಚರದವರ ಅಲೆಗೇ ಹತ್ತಿರ. ನಿಜವಾದ ನಿದ್ದೆಯ ಚಹರೆಯೇ ಬೇರೆ. ರೆಪ್ಪೆಯಡಿ ಕಣ್ಣುಗುಡ್ಡೆ ಸರಸರನೆ ಓಡಾಡುವ ಹಂತವೊಂದು ನಿದ್ದೆಯಲ್ಲಿದೆ ಎಂದು ಶಿಕಾಗೊದ ಅಸೆರಿನ್‌ಸ್ಕಿ, ಕ್ಲೈಟ್‌ಮನ್ ಪ್ರಕಟಿಸಿದ್ದು 1953ರಲ್ಲಿ. ಎದ್ದು ಹೇಳಬಲ್ಲಂಥ ಕನಸುಗಳು ಬೀಳುವುದು ಹೆಚ್ಚಾಗಿ ಆಗಲೇ. ಆ ಹೊತ್ತಿನಲ್ಲಿ ಕೈಕಾಲಿನ ಸ್ನಾಯುಗಳು ಕೆಲಸ ನಿಲ್ಲಿಸಿರುತ್ತವೆ. ಹುಲಿ ಅಟ್ಟಿಸಿಕೊಂಡು ಬಂದರೂ ಹಾಸಿಗೆಯಿಂದ ಎದ್ದೋಡುವುದಿಲ್ಲವಲ್ಲ, ಅದಕ್ಕೇ. ಸಮ್ಮೋಹಿತರಾದರೋ ಕೇಳಿದ್ದಕ್ಕೆ ಉತ್ತರಿಸುತ್ತಾರೆ, ಹೇಳಿದರೆ ಕೈ ಎತ್ತುತ್ತಾರೆ.

ಸ್ಕಾಟ್ಲೆಂಡಿನ ವೈದ್ಯ ಜೇಮ್ಸ್ ಬ್ರೇಡ್ 1843ರಲ್ಲಿ ಗ್ರೀಕರ ನಿದ್ರಾದೇವತೆಯ ಹೆಸರು ಹಿಡಿದು ಇದಕ್ಕೆ ಹಿಪ್ನಾಟಿಸಂ ಎಂದ. ಇದು ನಿದ್ದೆಯಲ್ಲವೆಂದು ಅವನಿಗೇ ಹೊಳೆದು, ಹೆಸರು ಬದಲಿಸಲು ಹೊರಟಾಗ ತಡವಾಗಿತ್ತು. ನಮ್ಮ ‘ಸಮ್ಮೋಹನ’ದಲ್ಲಿ ನಿದ್ದೆಯ ಸುಳಿವಿಲ್ಲ, ಅಷ್ಟು ವಾಸಿ. ‘ವಶೀಕರಣ’ ಎಂಬ ಇನ್ನೊಂದು ಮಾತನ್ನು ಮಾತ್ರ ಫರಿಯಾ ಒಪ್ಪುತ್ತಿರಲಿಲ್ಲ.