ದಡ್ಡನೆನ್ನುವ ಮುನ್ನ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಪ್ರಯಾಣ ಮಾಡುವವರು ಮದ್ದೂರನ್ನು ವಡೆಯಿಂದಲೂ ಮಂಡ್ಯವನ್ನು ಸಕ್ಕರೆಯಿಂದಲೂ ನೆನಪಿಟ್ಟುಕೊಳ್ಳುತ್ತಾರೆ. ಈ ಎರಡು ಊರುಗಳ ನಡುವೆ ಹನಕೆರೆ ಎಂಬ ಪುಟ್ಟ ನಿಲ್ದಾಣವೊಂದಿದೆ. ಕಿಟಕಿಯ ಬಳಿ ಕುಳಿತವರ ಕಣ್ಣಿಗೆ ಕಬ್ಬಿನ ತೋಟಗಳ ನಡುವೆ ಹೆಸರಿನ ಫಲಕವೊಂದು ಕ್ಷಣಕಾಲ ಬಿದ್ದು ಮರೆಯಾಗುತ್ತದೆ.

ಆ ಹೆಸರಿನಲ್ಲಿ ಒಂದು ವಿಶೇಷವುಂಟು. ಹ, ನ, ಕೆ, ರೆ - ನಾಲ್ಕೇ ಅಕ್ಷರಗಳು, ಒತ್ತಕ್ಷರದ ತೊಡಕಿಲ್ಲ. ಆಗತಾನೆ ಕಾಗುಣಿತ ಕಲಿತ ಮಗು ಅದನ್ನು ಸರಾಗವಾಗಿ ಓದಬಲ್ಲದು. ಆದರೆ ಆಚೀಚೆಯ ಎರಡು ಊರುಗಳ ಹೆಸರು ಹಾಗಲ್ಲ. ಮದ್ದೂರಿನಲ್ಲಿ ದಕಾರಕ್ಕೆ ಒತ್ತು. ಮಂಡ್ಯದಲ್ಲಿ ಸೊನ್ನೆಯ ಬೆನ್ನಿಗೇ ಯಕಾರದ ಒತ್ತು. ಬಹುಪಾಲು ಮಕ್ಕಳು ಮೂರು ನಾಲ್ಕನೆಯ ತರಗತಿಯ ಹೊತ್ತಿಗೆ ಈ ತೊಡಕನ್ನು ದಾಟುತ್ತಾರೆ. ಯಾವುದೇ ಹಳ್ಳಿಯ ಪ್ರಾಥಮಿಕ ಶಾಲೆಯನ್ನು ತೆಗೆದುಕೊಂಡರೂ ಹನಕೆರೆಯಲ್ಲಿಯೇ ನಿಂತುಬಿಟ್ಟು, ಐದನೆಯ ತರಗತಿಗೆ ಬಂದರೂ ‘ಮದೂರು’ ಎಂದೇ ಓದುವ ಮಗುವೊಂದು ಅಲ್ಲಿ ಇರುವುದು ಅಸಂಭವವೇನಲ್ಲ. ಅದಕ್ಕೆ ಶಾಲೆಯೂ ಊರೂ ಕೂಡಿ ಇಡುವ ಹೆಸರು ಒಂದೇ: ದಡ್ಡ.

ಹೆಸರು ಒಮ್ಮೆ ಬಿದ್ದಿತೆಂದರೆ ಉಳಿದುದೆಲ್ಲ ತಾನಾಗಿಯೇ ನಡೆಯುತ್ತದೆ. ಮಗು ಹಿಂದಿನ ಸಾಲಿಗೆ ಸರಿಯುತ್ತದೆ. ಪ್ರಶ್ನೆ ಅದರತ್ತ ಬರುವುದು ನಿಲ್ಲುತ್ತದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಅದು ತರಗತಿಯಿಂದ ತರಗತಿಗೆ ಏರುತ್ತದೆ. “ಇವನಿಗೆ ಓದು ತಲೆಗೆ ಹತ್ತೋದಿಲ್ಲ, ಮೇಷ್ಟ್ರೆ” ಎಂದು ಹೆತ್ತವ್ವನೇ ಹೇಳುವ ದಿನವೂ ದೂರವಿರುವುದಿಲ್ಲ. ಆ ಮಗುವಿಗೆ ಕೊರತೆಯಿರುವುದು ಬುದ್ಧಿಯಲ್ಲಿಯೋ, ಕಿವಿಯಲ್ಲಿಯೋ, ಕಣ್ಣಿನಲ್ಲಿಯೋ, ಅಕ್ಷರವನ್ನೂ ಧ್ವನಿಯನ್ನೂ ಬೆಸೆಯುವ ಶಕ್ತಿಯೊಂದರಲ್ಲಿ ಮಾತ್ರವೋ ಎಂಬುದನ್ನು ಯಾರೂ ವಿಚಾರಿಸಿರುವುದಿಲ್ಲ.

ವಿಚಾರಿಸಲೇಬೇಕೆಂದು ಶಾಸನ ಹೇಳುತ್ತದೆ. 1995ರ ಕಾನೂನು ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಆ ಸಂಖ್ಯೆ 21ಕ್ಕೆ ಏರಿತು; ಹೊರನೋಟಕ್ಕೆ ಸುಳುವೇ ಕೊಡದ ಕಲಿಕೆಯ ತೊಡಕೂ ಆಟಿಸಂ ಕೂಡ ಆ ಪಟ್ಟಿಗೆ ಸೇರಿದವು. 2009ರ ಶಿಕ್ಷಣ ಹಕ್ಕು ಶಾಸನಕ್ಕೆ 2012ರಲ್ಲಿ ಆದ ತಿದ್ದುಪಡಿಯ ಬಳಿಕ ಇಂಥ ಮಕ್ಕಳ ಹಕ್ಕು ಇನ್ನಷ್ಟು ಸ್ಪಷ್ಟವಾಯಿತು. ಶಾಸನಗಳ ಮಾತು ಇಷ್ಟು ಸಾಕು. ಕಾಯಿದೆಯ ಪುಸ್ತಕ ಮಗುವಿನ ಕಿವಿಯನ್ನು ಪರೀಕ್ಷಿಸಲಾರದು. ಅದನ್ನು ಮಾಡಬೇಕಾದವರು ಒಂದನೆಯ ತರಗತಿಯ ಉಪಾಧ್ಯಾಯರು ಅಥವಾ ಉಪಾಧ್ಯಾಯಿನಿ.

ಕಿವಿಯಿಂದಲೇ ಪ್ರಾರಂಭಿಸಬಹುದು. ಹಳ್ಳಿಗಳಲ್ಲಿ ನೆಗಡಿಯ ಹಿಂದೆಯೇ ಕಿವಿ ಸೋರುವುದು ಮಕ್ಕಳಲ್ಲಿ ಅಪರೂಪವೇನಲ್ಲ. ‘ಬೆಳೆಯುತ್ತ ಸರಿಹೋಗುತ್ತದೆ’ ಎಂದು ಮನೆಯವರು ಸುಮ್ಮನಿರುವುದೂ ಉಂಟು. ಸೋರುವ ಕಿವಿ ಪೂರ್ಣ ಕಿವುಡಲ್ಲ. ಒಂದು ದಿನ ಕೇಳಿಸುತ್ತದೆ, ಮತ್ತೊಂದು ದಿನ ಕೇಳಿಸುವುದಿಲ್ಲ. ಆದುದರಿಂದಲೇ ಮಗುವಿಗೆ ‘ಉಡಾಫೆ’ ಎಂಬ ಅಪವಾದ ಬರುತ್ತದೆ. ಬೇಕೆಂದಾಗ ಕೇಳಿಸಿಕೊಳ್ಳುತ್ತಾನೆ, ಬೇಡವೆಂದಾಗ ಇಲ್ಲ ಎಂದು ಹಿರಿಯರು ಭಾವಿಸುತ್ತಾರೆ. ಇದರ ಪತ್ತೆಗೆ ಮೊದಲ ಹೆಜ್ಜೆಯಲ್ಲಿ ಯಂತ್ರವೇನೂ ಬೇಡ. ಮಗುವಿನ ಬೆನ್ನ ಹಿಂದೆ ನಿಂತು ಮೆಲುದನಿಯಲ್ಲಿ ಹೆಸರು ಹಿಡಿದು ಕರೆದು ನೋಡಿದರೆ ಅನುಮಾನಕ್ಕೆ ಆಧಾರ ದೊರೆಯುತ್ತದೆ. ಕತ್ತನ್ನು ಯಾವಾಗಲೂ ಒಂದೇ ಕಡೆಗೆ ವಾಲಿಸುವ, ಮಾತನಾಡುವವರ ತುಟಿಯನ್ನೇ ನೆಟ್ಟ ದೃಷ್ಟಿಯಿಂದ ನೋಡುವ ಮಗುವನ್ನು ಕಂಡಾಗ ಉಪಾಧ್ಯಾಯರು ಎಚ್ಚತ್ತುಕೊಳ್ಳಬೇಕು.

ಇಂಥ ಮಗುವಿಗೆ ತರಗತಿಯಲ್ಲಿ ಬೇಕಾದುದು ಮುಂದಿನ ಸಾಲು, ಕೇಳಿಸುವ ಕಿವಿ ಉಪಾಧ್ಯಾಯರ ಕಡೆಗೆ ಬರುವಂಥ ಸ್ಥಾನ, ಮತ್ತು ಉಪಾಧ್ಯಾಯರ ಮುಖ. ಕರಿಹಲಗೆಯತ್ತ ತಿರುಗಿ ಬರೆಯುತ್ತಲೇ ಪಾಠ ಹೇಳುವ ಅಭ್ಯಾಸ ಬಹಳ ಜನರಿಗುಂಟು. ತುಟಿಯನ್ನು ಓದುವ ಮಗುವಿಗೆ ಆ ಹೊತ್ತು ಪಾಠ ನಿಂತುಹೋದಂತೆಯೇ. ಕಿಟಕಿಯ ಬೆಳಕನ್ನು ಬೆನ್ನಿಗೆ ಮಾಡಿಕೊಂಡು ನಿಂತರೂ ಮುಖ ನೆರಳಿನಲ್ಲಿ ಕಾಣದು. (ಸೊಂಪಾದ ಮೀಸೆಯುಳ್ಳ ಮೇಷ್ಟರು ಇಲ್ಲಿ ಸ್ವಲ್ಪ ತ್ಯಾಗಕ್ಕೆ ಸಿದ್ಧರಾಗಬೇಕಾದೀತು!) ಇವೆಲ್ಲವೂ ಖರ್ಚಿಲ್ಲದ ಉಪಾಯಗಳು.

ಮುಂದಿನ ಪರೀಕ್ಷೆಗೆ ಈ ಸೀಮೆಯ ಮಕ್ಕಳು ಬಹುದೂರ ಹೋಗಬೇಕಾಗಿಲ್ಲ. ಅದೇ ರೈಲುಹಾದಿ ಕೊನೆಗೊಳ್ಳುವ ಮೈಸೂರಿನ ಮಾನಸಗಂಗೋತ್ರಿಯಲ್ಲಿ, ಜಯಚಾಮರಾಜೇಂದ್ರ ಒಡೆಯರು ದಾನವಾಗಿತ್ತ ನೆಲದಲ್ಲಿ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. 1965ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಗೆ ದೇಶದ ಮೂಲೆ ಮೂಲೆಗಳಿಂದ ಮಕ್ಕಳು ಬರುತ್ತಾರೆ. ಕಿವಿಯಂತ್ರ ಕನ್ನಡಕದಂತಲ್ಲ ಎಂಬುದನ್ನು ಮಾತ್ರ ತಂದೆತಾಯಿಗಳು ನೆನಪಿಡಬೇಕು. ಕನ್ನಡಕ ಹಾಕಿದೊಡನೆ ಅಕ್ಷರ ಕಾಣಿಸುತ್ತದೆ. ಕಿವಿಯಂತ್ರವಾದರೋ ಮಾತಿನೊಡನೆ ಗದ್ದಲವನ್ನೂ ದೊಡ್ಡದು ಮಾಡುತ್ತದೆ. ಅದಕ್ಕೆ ಹೊಂದಿಕೊಳ್ಳಲು ಮಗುವಿಗೆ ತಿಂಗಳುಗಳ ಅಭ್ಯಾಸ ಬೇಕು. ‘ಹಾಕಿದರೂ ಪ್ರಯೋಜನವಾಗಲಿಲ್ಲ’ ಎಂದು ಬೆಲೆಬಾಳುವ ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟುಬಿಡುವುದು ಈ ಅಭ್ಯಾಸದ ತಾಳ್ಮೆಯಿಲ್ಲದೆಯೇ.

ಕಣ್ಣಿನ ವಿಚಾರದಲ್ಲಿ ಮೈಸೂರು ಸೀಮೆಯ ಅನುಭವ ಇನ್ನೂ ಹಳೆಯದು. ಕಿವುಡರಿಗೂ ಅಂಧರಿಗೂ ಮೈಸೂರಿನಲ್ಲಿ ಪಾಠಶಾಲೆ ಪ್ರಾರಂಭವಾದದ್ದು 1901ರಲ್ಲಿ. ಉತ್ತರ ಕರ್ನಾಟಕದಲ್ಲಿ, ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಸಂಖ್ಯ ಅಂಧ ಮಕ್ಕಳಿಗೆ ಸಂಗೀತದ ಮೂಲಕ ಬಾಳು ಕೊಟ್ಟರು. ಆದರೆ ಆ ದಿನಗಳಲ್ಲಿ ಅಂಧ ಮಗು ವಿದ್ಯೆಗಾಗಿ ಊರನ್ನೂ ಮನೆಯನ್ನೂ ಬಿಟ್ಟು ಹೋಗಬೇಕಾಗಿತ್ತು. ಈಗಿನ ನೀತಿ ಬೇರೆ: ಮಗು ತನ್ನ ಊರಿನ ಶಾಲೆಯಲ್ಲಿ, ಅಕ್ಕಪಕ್ಕದ ಮನೆಯ ಮಕ್ಕಳ ನಡುವೆಯೇ ಓದಬೇಕು, ವಿಶೇಷ ವಿದ್ಯೆ ಅದರ ಬಳಿಗೆ ಬರಬೇಕು. 1994ರಲ್ಲಿ ಸ್ಪೇನ್ ದೇಶದ ಸಲಮಾಂಕಾ ನಗರದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಒಪ್ಪಿದ ಘೋಷಣೆಯ ತಿರುಳೂ ಇದೇ.

ಬ್ರೈಲ್ ಲಿಪಿಯ ವಿಷಯ ಇಲ್ಲಿ ಹೇಳಲೇಬೇಕು. 1951ರಲ್ಲಿ ರೂಪುಗೊಂಡ ಭಾರತೀ ಬ್ರೈಲ್ ನಮ್ಮ ಭಾಷೆಗಳಿಗೆಲ್ಲ ಹೆಚ್ಚುಕಡಿಮೆ ಸಮಾನವಾದ ಲಿಪಿ. ಆರು ಚುಕ್ಕೆಗಳ ಮನೆಯೊಂದರಲ್ಲಿ ಒಂದು ಮತ್ತು ಮೂರನೆಯ ಚುಕ್ಕೆ ಎದ್ದರೆ ಅದು ಕಕಾರ. ಕಣ್ಣಿನಿಂದ ಓದುವ ಮಕ್ಕಳನ್ನು ಕಾಡುವ ಒತ್ತಕ್ಷರ ಈ ಲಿಪಿಯಲ್ಲಿ ಕೆಳಗಿಳಿಯುವುದಿಲ್ಲ. ಗುಣಿತದ ಗುರುತು ಅಕ್ಷರದ ತಲೆಯೇರುವುದಿಲ್ಲ. ಎಲ್ಲವೂ ಒಂದರ ಮುಂದೊಂದಾಗಿ, ಬೆರಳು ಸರಿದಂತೆ ಬರುತ್ತವೆ. ಬರೆಯುವಾಗ ಮಾತ್ರ ಕಾಗದದ ಹಿಂಬದಿಗೆ, ಬಲದಿಂದ ಎಡಕ್ಕೆ ಚುಚ್ಚಬೇಕು. ತಿರುಗಿಸಿ ಎಡದಿಂದ ಬಲಕ್ಕೆ ಓದಬೇಕು. ಹಳ್ಳಿಯ ಉಪಾಧ್ಯಾಯರಿಗೆ ಇದು ಅಪರಿಚಿತ ವಿದ್ಯೆಯಾದರೂ ನಿಲುಕದ ವಿದ್ಯೆಯಲ್ಲ.

ಇನ್ನು ‘ಮದೂರು’ ಎಂದು ಓದುವ ಆ ಮಗು. ಅದರ ಕಣ್ಣೂ ಕಿವಿಯೂ ಚೊಕ್ಕವಾಗಿವೆ. ಆಲೆಮನೆಯಲ್ಲಿ ಬೆಲ್ಲದ ಲೆಕ್ಕ ಬಾಯಲ್ಲಿ ಹೇಳುತ್ತದೆ. ಕೇಳಿದ ಕಥೆಯನ್ನು ತಪ್ಪಿಲ್ಲದೆ ಒಪ್ಪಿಸುತ್ತದೆ. ಪುಸ್ತಕ ತೆರೆದೊಡನೆ ಕಲ್ಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಅನ್ಯಾಯಕ್ಕೆ ಗುರಿಯಾಗುವುದು ಈ ಬಗೆಯ ಮಗುವೇ. ಏಕೆಂದರೆ ಅದರ ಕೊರತೆ ಕಣ್ಣಿಗೆ ಕಾಣದು. ಕನ್ನಡವನ್ನು ಬರೆದಂತೆ ಓದಬಹುದು ಎಂಬ ಅಭಿಮಾನ ಎಲ್ಲರಿಗೂ ಇದೆ. ಇಂಗ್ಲಿಷಿನ ಕಾಗುಣಿತದ ಗೊಂದಲ ಇಲ್ಲಿಲ್ಲವೆಂಬುದು ನಿಜ. ಆದರೆ ಕನ್ನಡದ ಮಗು ಕಲಿಯಬೇಕಾದ ರೂಪಗಳು ವರ್ಣಮಾಲೆಯಷ್ಟೇ ಅಲ್ಲ. ಗುಣಿತಾಕ್ಷರಗಳೂ ಒತ್ತಕ್ಷರಗಳೂ ಸೇರಿ ಅವು ನೂರಾರು. ಪಕಾರ ಷಕಾರಗಳ ನಡುವೆ, ಧಕಾರ ಥಕಾರಗಳ ನಡುವೆ ಇರುವ ಭೇದ ಒಂದು ಗೆರೆಯದು, ಒಂದು ಚುಕ್ಕೆಯದು. ಬೆಂಗಳೂರಿನಲ್ಲಿ ಕನ್ನಡ ಓದುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸುವಂತೆ, ಅಕ್ಷರಗಳನ್ನು ಪೂರ್ಣವಾಗಿ ವಶಮಾಡಿಕೊಳ್ಳುವ ಕೆಲಸ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯುವುದೇ ಇಲ್ಲ. ಸಾಮಾನ್ಯ ಮಕ್ಕಳಲ್ಲಿಯೂ ಅದು ಮುಂದಿನ ತರಗತಿಗಳವರೆಗೆ ಸಾಗುತ್ತದೆ.

ಇದರಿಂದ ಉಪಾಧ್ಯಾಯರಿಗೆ ಎರಡು ಎಚ್ಚರಿಕೆಗಳು ದೊರೆಯುತ್ತವೆ. ಎರಡನೆಯ ತರಗತಿಯಲ್ಲಿ ಒತ್ತು ತಪ್ಪಿದ ಮಗುವಿಗೆಲ್ಲ ರೋಗದ ಹೆಸರು ಕಟ್ಟುವುದು ತಪ್ಪು. ಐದನೆಯ ತರಗತಿಯಲ್ಲಿಯೂ ತಪ್ಪುತ್ತಿರುವಾಗ ಸೋಮಾರಿತನವೆಂದು ಗದರುವುದು ಅದಕ್ಕಿಂತ ದೊಡ್ಡ ತಪ್ಪು. ಹಿಂದಿ, ಮರಾಠಿ, ಇಂಗ್ಲಿಷುಗಳೊಡನೆ ಕನ್ನಡದಲ್ಲಿಯೂ ಓದಿನ ತೊಡಕನ್ನು ಗುರುತಿಸುವ ಪರೀಕ್ಷೆಗಳು 2015ರಲ್ಲಿ ಸಿದ್ಧವಾದವು. ಅದಕ್ಕೆ ಮೊದಲು ಇಂಗ್ಲಿಷ್ ಮಕ್ಕಳಿಗೆಂದು ಮಾಡಿದ ಅಳತೆಗೋಲಿನಿಂದಲೇ ನಮ್ಮ ಮಕ್ಕಳನ್ನೂ ಅಳೆಯುವುದು ರೂಢಿಯಾಗಿತ್ತು.

ಇಂಥ ಮಗುವಿಗೆ ಶಾಲೆ ಮಾಡಬಲ್ಲದ್ದು ಸಾಕಷ್ಟಿದೆ. ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದಿಸುವುದು ನಮ್ಮ ಹಿರಿಯರಿಗೆ ತಿಳಿದಿದ್ದ ಪದ್ಧತಿಯೇ. ಕಣ್ಣು, ಕಿವಿ, ಕೈ ಮೂರೂ ಕೂಡಿ ಕಲಿತದ್ದು ಬೇಗ ಮಾಸದು. ಒತ್ತನ್ನು ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯಬಹುದು. ‘ಸಕ್ಕರೆ’ ಎಂಬುದನ್ನು ಚಪ್ಪಾಳೆಯೊಡನೆ ಬಿಡಿಸಿ ಹೇಳಿಸಬಹುದು. ಸಮಾಜಪಾಠದ ಪ್ರಶ್ನೆಗೆ ಬಾಯಿಮಾತಿನ ಉತ್ತರವನ್ನು ಒಪ್ಪಿಕೊಳ್ಳಬಹುದು. ಮುಖ್ಯವಾಗಿ, ತರಗತಿಯೆಲ್ಲ ನಗುವಂತೆ ಎದ್ದುನಿಂತು ಗಟ್ಟಿಯಾಗಿ ಓದಿಸುವ ಶಿಕ್ಷೆಯನ್ನು ಬಿಡಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಹುಟ್ಟಿ ಮುಂದೆ ರಾಜ್ಯಕ್ಕೆಲ್ಲ ಹಬ್ಬಿದ ‘ನಲಿ ಕಲಿ’ ಪದ್ಧತಿಯನ್ನು ವಿಶೇಷ ಮಕ್ಕಳಿಗೆಂದು ಮಾಡಿದ್ದಲ್ಲ. ಆದರೂ ಪ್ರತಿ ಮಗುವೂ ತನ್ನ ಮೆಟ್ಟಿಲನ್ನು ತನ್ನ ವೇಗದಲ್ಲಿ ಏರಬಹುದೆಂಬ ಅದರ ಮೂಲತತ್ತ್ವ ಇಂಥ ಮಕ್ಕಳಿಗೇ ಹೆಚ್ಚು ಒದಗಿಬಂದಿದೆ. ನಾಲ್ಕನೆಯ ತರಗತಿಯಲ್ಲಿ ಆ ಪದ್ಧತಿಯ ಆಸರೆ ತಪ್ಪಿದಾಗ ಅವರು ಥಟ್ಟನೆ ಬಯಲಿಗೆ ಬೀಳುತ್ತಾರೆ.

ಶಾಲೆಗೆ ಬರಲಾಗದ ಮಕ್ಕಳ ಕಥೆ ಬೇರೆ. ಕಾಲಿನಲ್ಲಿ ಶಕ್ತಿಯಿಲ್ಲದ, ಮೈ ಸೆಟೆದುಕೊಂಡ ಮಗುವನ್ನು ಒಂದನೆಯ ತರಗತಿಗೆ ತಾಯಿ ಸೊಂಟದಲ್ಲಿ ಹೊತ್ತು ತರುತ್ತಾಳೆ. ಮೂರನೆಯ ತರಗತಿಯ ಹೊತ್ತಿಗೆ ಮಗು ಬೆಳೆಯುತ್ತದೆ. ತಾಯಿಯ ಸೊಂಟ ಸೋಲುತ್ತದೆ. ಕಳೆ ಕೀಳುವ ಕೂಲಿಯನ್ನೂ ಮಗುವಿನ ಪಾಠವನ್ನೂ ತೂಗಿ ನೋಡಬೇಕಾದ ಬೆಳಗು ಆ ಮನೆಗೆ ದಿನವೂ ಬರುತ್ತದೆ. ಗಾಲಿಕುರ್ಚಿಯ ವ್ಯವಸ್ಥೆಯುಂಟು, ಜೊತೆಗೆ ಬರುವವರಿಗೂ ಪ್ರಯಾಣಕ್ಕೂ ಭತ್ಯೆಯುಂಟು. ಆದರೆ ಗಾಲಿಕುರ್ಚಿ ಶಾಲೆಯ ಬಾಗಿಲವರೆಗೆ ಬಂದು ಅಲ್ಲಿಂದ ಮುಂದೆ? ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕೆಂಬುದು ನಿಯಮ. ಒಂದೂವರೆ ಅಡಿಯ ಜಗಲಿಗೆ 18 ಅಡಿ ಬೇಕು. ಆರಡಿಯಲ್ಲಿ ಮುಗಿಸಿದ ಇಳಿಜಾರು ಲೆಕ್ಕಪತ್ರಕ್ಕೆ ಸಾಕಾದೀತು. ಕುರ್ಚಿಯಲ್ಲಿ ಕುಳಿತವನಿಗೆ ಅದು ಗೋಡೆಯೇ. ಶೌಚಾಲಯದ ಬಾಗಿಲು ಕುರ್ಚಿಗಿಂತ ಕಿರಿದಾಗಿದ್ದರೆ ಹೆಣ್ಣುಮಗು ಬೆಳಗಿನಿಂದ ನೀರನ್ನೇ ಕುಡಿಯದೆ ಶಾಲೆಗೆ ಬರುತ್ತದೆ.

ತೀವ್ರ ತೊಂದರೆಯುಳ್ಳ ಮಕ್ಕಳಿಗೆ ಮನೆಯಲ್ಲಿಯೇ ಶಿಕ್ಷಣ ಪಡೆಯುವ ಹಕ್ಕನ್ನು 2012ರ ತಿದ್ದುಪಡಿ ಕೊಟ್ಟಿದೆ. ಇದು ವರವೂ ಹೌದು, ಅಪಾಯವೂ ಹೌದು. ವಾರಕ್ಕೊಮ್ಮೆ ಯಾರೋ ಬಂದು ಕೈಬೆರಳು ಬಿಡಿಸಿ, ಬಣ್ಣ ತೋರಿಸಿ, ಚಮಚ ಹಿಡಿಯುವುದನ್ನು ಕಲಿಸಿ ಹೋಗುವುದು ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಆದರೆ ಶಾಲೆಗೆ ಬರಬಲ್ಲ ಮಗುವನ್ನೂ ‘ಮನೆಯ ಪಾಠ’ದ ಪಟ್ಟಿಗೆ ಸೇರಿಸಿ ಕೈತೊಳೆದುಕೊಳ್ಳುವುದು ಸುಲಭ. ಬಿಸಿಯೂಟದ ಸಾಲಿನಲ್ಲಿ ಓರಗೆಯವರೊಡನೆ ಕೂರುವುದು, ಆಟದಲ್ಲಿ ಅಂಕ ಎಣಿಸುವ ಕೆಲಸವನ್ನಾದರೂ ಪಡೆಯುವುದು, ಜಗಳವಾಡುವುದು - ಇವನ್ನು ಯಾವ ಮನೆಪಾಠವೂ ಕೊಡಲಾರದು.

ಇಷ್ಟೆಲ್ಲವನ್ನೂ ಮಾಡುವವರು ಯಾರು? ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ವಿಶೇಷ ತರಬೇತಿ ಪಡೆದ ಸಂಪನ್ಮೂಲ ಶಿಕ್ಷಕರಿದ್ದಾರೆ. ಅವರ ಸಂಖ್ಯೆ ಬೆರಳೆಣಿಕೆಯದು, ಶಾಲೆಗಳು ನೂರಾರು. ಅವರು ಒಂದು ಶಾಲೆಗೆ ಬಂದು ಹೋದ ಮೇಲೆ ಮತ್ತೆ ಬರುವ ವೇಳೆಗೆ ಮಗು ಕಲಿತದ್ದನ್ನು ಮರೆತಿರುತ್ತದೆ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಹೇಳಿತು. ಹಳ್ಳಿಯೊಂದರಲ್ಲಿ ಅಂಥ ಮಕ್ಕಳು ಇಬ್ಬರೋ ಮೂವರೋ ಇರುವುದರಿಂದ ಹಲವು ಶಾಲೆಗಳಿಗೆ ಕೂಡಿ ಒಬ್ಬರೆಂದೇ ಲೆಕ್ಕ ಬರುತ್ತದೆ. ಆದಕಾರಣ ದಿನದ ಐದಾರು ಗಂಟೆ ಮಗುವಿನ ಮುಂದಿರುವವರು ಸಾಮಾನ್ಯ ಉಪಾಧ್ಯಾಯರೇ. ಅವರ ತಲೆಯ ಮೇಲೆ ಹಾಲು, ಮೊಟ್ಟೆ, ಬಿಸಿಯೂಟ, ಜನಗಣತಿ, ಚುನಾವಣೆಗಳ ಹೊರೆಯೂ ಇದೆಯೆಂಬುದನ್ನು ಮರೆಯಬಾರದು. ವಿಶೇಷ ಮಕ್ಕಳ ವಿಷಯದಲ್ಲಿ ಅವರನ್ನು ದೂರುವವರು ಮೊದಲು ಆ ಹೊರೆಯನ್ನು ಇಳಿಸುವ ಮಾತನಾಡುವುದು ನ್ಯಾಯ.

ಮತ್ತೊಂದು ತೊಡಕು ವರ್ಗಾವಣೆಯದು. ಒಬ್ಬ ಮಗುವಿನ ಸ್ವಭಾವವನ್ನು ತಿಳಿಯಲು ಉಪಾಧ್ಯಾಯಿನಿಗೆ ಎರಡು ವರ್ಷ ಹಿಡಿಯುತ್ತದೆ. ಮೂರನೆಯ ವರ್ಷ ಅವರಿಗೆ ಬೇರೆ ಊರು. ಹೊಸಬರು ಬಂದಾಗ ಎಲ್ಲವೂ ಮೊದಲಿನಿಂದ. ‘ದಡ್ಡ’ ಎಂಬ ಹೆಸರು ಮಾತ್ರ ಯಾರೂ ಹೇಳದೆಯೇ ಅವರ ಕಿವಿಗೆ ತಲುಪಿರುತ್ತದೆ. ಇದಕ್ಕೆ ತಕ್ಕ ಉಪಾಯ ಪ್ರತಿ ಮಗುವಿಗೊಂದು ನೋಟ್ ಬುಕ್. ಅದರಲ್ಲಿ ರೋಗದ ದೊಡ್ಡ ಹೆಸರುಗಳಿಗಿಂತ ನಾಲ್ಕು ಸಣ್ಣ ಸಂಗತಿಗಳು ಮುಖ್ಯ: ಬಲಗಿವಿ ಮಂದ, ಬಲಗಡೆಯ ಗೋಡೆಗೆ ಕೂರಿಸಿ, ಗಟ್ಟಿಯಾಗಿ ಗದರಿದರೆ ಬೆವರುತ್ತಾನೆ, ಮಗ್ಗಿ ಬಾಯಿಗೆ ಬರುತ್ತದೆ, ಬರೆಯಿಸಬೇಡಿ, ‘ಮದ್ದೂರು’ ಈಗ ಓದುತ್ತಾನೆ, ‘ಮಂಡ್ಯ’ ಇನ್ನೂ ಇಲ್ಲ.