ಅಂತರಜಾಲದ ಮೂಲಕ ಗಿರಾಕಿ ಪರಿಚಯ: ಸ್ಥಿರಾಸ್ತಿ ಏಜೆಂಟರ ನೋಂದಣಿ ನಿಯಮಗಳು

ಕಟ್ಟಡ ಸಾಮಗ್ರಿಗಳ ವ್ಯಾಪಾರಿಗಳ ಬಳಿ ಮನೆ, ನಿವೇಶನಗಳ ಬಗ್ಗೆ ವಿಚಾರಿಸುವವರು ಬರುವುದು ಹೊಸದೇನಲ್ಲ. ಸಿಮೆಂಟ್, ಟೈಲ್ಸ್, ಹಾರ್ಡ್‌ವೇರ್, ಪ್ಲೈವುಡ್ ಅಂಗಡಿಗಳ ಮಾಲೀಕರು ತಮಗೆ ಪರಿಚಯವಿರುವ ಗಿರಾಕಿಗಳನ್ನು ಬಿಲ್ಡರುಗಳ ಬಳಿಗೆ ಕಳುಹಿಸಿ ಕಮಿಷನ್ ಪಡೆಯುವ ಪದ್ಧತಿಯೂ ಹಳೆಯದೇ. ಬದಲಾಗಿರುವುದು ಅದರ ವಿಧಾನ ಮಾತ್ರ. ಗಿರಾಕಿಯ ಹೆಸರು, ದೂರವಾಣಿ ಸಂಖ್ಯೆ ಹಾಗೂ ಬೇಡಿಕೆಯ ವಿವರಗಳು ಈಗ ಮೊಬೈಲ್ ಆ್ಯಪ್, ಜಾಲತಾಣ ಅಥವಾ ವಾಟ್ಸ್‌ಆ್ಯಪ್ ಮೂಲಕ ಬಿಲ್ಡರನ್ನು ತಲುಪುತ್ತವೆ. ಮಾರಾಟ ಕುದುರಿದರೆ ಕಮಿಷನ್ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಇದಕ್ಕೆ ‘ರೆಫರಲ್’ ಎಂಬ ಹೆಸರು ಬಂದಿರುವುದರಿಂದ ಇದು ದಲ್ಲಾಳಿ ವೃತ್ತಿಯಲ್ಲ, ಆದ್ದರಿಂದ ಯಾವ ಪರವಾನಗಿಯೂ ಬೇಕಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಈ ನಂಬಿಕೆಗೆ ಕಾನೂನಿನ ಆಧಾರವಿಲ್ಲ.

ಕಾಯಿದೆಯ ಪರಿಭಾಷೆ

ರೇರಾ ಎಂದೇ ಪರಿಚಿತವಾದ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯಿದೆ, 2016ರ ಏಜೆಂಟರ ನೋಂದಣಿಗೆ ಸಂಬಂಧಿಸಿದ ಕಲಂಗಳು 2017ರ ಮೇ 1ರಿಂದ ಜಾರಿಯಲ್ಲಿವೆ. ಕಲಂ 2ರಲ್ಲಿ ನೀಡಿರುವ ‘ರಿಯಲ್ ಎಸ್ಟೇಟ್ ಏಜೆಂಟ್’ ಎಂಬ ಪದದ ಪರಿಭಾಷೆ ಬಹಳ ವಿಶಾಲವಾದುದು. ಒಬ್ಬರ ಪರವಾಗಿ ನಿವೇಶನ, ಅಪಾರ್ಟ್‌ಮೆಂಟ್ ಅಥವಾ ಕಟ್ಟಡದ ಮಾರಾಟದ ಮಾತುಕತೆ ನಡೆಸಿ, ಕಮಿಷನ್ ರೂಪದಲ್ಲಾಗಲಿ ಬೇರೆ ರೂಪದಲ್ಲಾಗಲಿ ಪ್ರತಿಫಲ ಪಡೆಯುವವನು ಏಜೆಂಟ್. ಅಷ್ಟೇ ಅಲ್ಲದೆ, ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ವ್ಯವಹಾರದ ಮಾತುಕತೆಗಾಗಿ ಪರಸ್ಪರ ಪರಿಚಯಿಸುವವನೂ ಏಜೆಂಟನೇ. ಅವನನ್ನು ಯಾವ ಹೆಸರಿನಿಂದ ಕರೆದರೂ ಈ ಪರಿಭಾಷೆ ಅನ್ವಯಿಸುತ್ತದೆ.

‘ಯಾವುದೇ ಮಾಧ್ಯಮ’ ಮತ್ತು ‘ಯಾವುದೇ ಹೆಸರು’ ಎಂಬ ಈ ಎರಡು ಅಂಶಗಳೇ ಅಂತರಜಾಲ ರೆಫರಲ್ ವ್ಯವಹಾರವನ್ನು ಕಾಯಿದೆಯ ವ್ಯಾಪ್ತಿಗೆ ತರುತ್ತವೆ. ಸಹಭಾಗಿ, ಸಲಹೆಗಾರ, ಚಾನೆಲ್ ಪಾರ್ಟ್‌ನರ್ ಎಂಬ ಬಿರುದುಗಳಿಂದ ಕೆಲಸದ ಸ್ವರೂಪ ಬದಲಾಗುವುದಿಲ್ಲ. ಪಡೆಯುವ ಕಮಿಷನ್ ಇಂತಿಷ್ಟಕ್ಕಿಂತ ಕಡಿಮೆಯಿದ್ದರೆ ವಿನಾಯಿತಿ ಎಂಬ ಕನಿಷ್ಠ ಮಿತಿಯೂ ಕಾಯಿದೆಯಲ್ಲಿಲ್ಲ.

ಯಾವ ವ್ಯವಹಾರಕ್ಕೆ ನೋಂದಣಿ ಬೇಕು?

ಕಲಂ 9ರ ಪ್ರಕಾರ, ರೇರಾದಲ್ಲಿ ನೋಂದಣಿಯಾದ ಯೋಜನೆಯೊಂದರಲ್ಲಿ ಪ್ರವರ್ತಕರು, ಅಂದರೆ ಬಿಲ್ಡರುಗಳು, ಮಾರುತ್ತಿರುವ ನಿವೇಶನ ಅಥವಾ ಅಪಾರ್ಟ್‌ಮೆಂಟಿನ ಮಾರಾಟಕ್ಕೆ ನೆರವಾಗುವ ಏಜೆಂಟನು ಮುಂಚಿತವಾಗಿ ನೋಂದಣಿ ಪಡೆದಿರಬೇಕು. ಬಾಡಿಗೆ ಮನೆ ತೋರಿಸುವ ವ್ಯವಹಾರ ಈ ಕಲಮಿನ ವ್ಯಾಪ್ತಿಗೆ ಬರುವುದಿಲ್ಲ. ಖಾಸಗಿ ವ್ಯಕ್ತಿಯೊಬ್ಬರು ತಮ್ಮ ಹಳೆಯ ಮನೆಯನ್ನು ಇನ್ನೊಬ್ಬರಿಗೆ ಮಾರುವ ವ್ಯವಹಾರವೂ ಪ್ರವರ್ತಕರ ಮಾರಾಟವಲ್ಲ. ಆದರೆ ಒಂದೇ ಜಾಲತಾಣದಲ್ಲಿ ಬಾಡಿಗೆ, ಮರುಮಾರಾಟ ಮತ್ತು ಹೊಸ ಯೋಜನೆಗಳು ಒಟ್ಟಿಗೆ ಇದ್ದರೆ, ಹೊಸ ಯೋಜನೆಗಳ ಮಟ್ಟಿಗಾದರೂ ನೋಂದಣಿ ಅನಿವಾರ್ಯ.

ಜಾಲತಾಣಗಳನ್ನು ಅವು ಮಾಡುವ ಕೆಲಸದ ಆಧಾರದ ಮೇಲೆ ಮೂರಾಗಿ ವಿಂಗಡಿಸಬಹುದು. ಮೊದಲನೆಯದು, ನಿಗದಿತ ಶುಲ್ಕ ಪಡೆದು ಜಾಹೀರಾತಿಗೆ ಸ್ಥಳ ಕೊಡುವುದಷ್ಟನ್ನೇ ಮಾಡುವ ತಾಣ. ಪತ್ರಿಕೆಯಂತೆ ತಾನು ಜಾಹೀರಾತಿನ ಮಾಧ್ಯಮವೇ ಹೊರತು ಏಜೆಂಟ್ ಅಲ್ಲ ಎಂದು ವಾದಿಸಲು ಇದಕ್ಕೆ ಅವಕಾಶವಿದೆ. ಎರಡನೆಯದು, ಆಸಕ್ತ ಗಿರಾಕಿಯ ವಿವರ ಸಂಗ್ರಹಿಸಿ ಪ್ರತಿ ಹೆಸರಿಗೆ ಇಷ್ಟು ಎಂದು ಬಿಲ್ಡರಿಗೆ ಮಾರುವ ತಾಣ. ಇದು ‘ಪರಿಚಯಿಸುವ’ ಕೆಲಸಕ್ಕೆ ತೀರ ಸಮೀಪವಾದುದರಿಂದ ನೋಂದಣಿಯಿಲ್ಲದೆ ನಡೆಸುವುದು ಅಪಾಯಕರ. ಮೂರನೆಯದು, ಸ್ಥಳ ತೋರಿಸಿ, ದರ ಕುದುರಿಸಿ, ಮಾರಾಟದ ಬೆಲೆಯ ಮೇಲೆ ಶೇಕಡಾವಾರು ಕಮಿಷನ್ ಪಡೆಯುವ ವ್ಯವಹಾರ. ಇದು ಏಜೆಂಟರ ಕೆಲಸವೆಂಬುದರಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ.

ದೊಡ್ಡ ಕಂಪನಿಯ ಆ್ಯಪ್‌ನಲ್ಲಿ ಸದಸ್ಯನಾಗಿರುವ ವರ್ತಕನು, ಕಂಪನಿಗೆ ನೋಂದಣಿ ಇರುವುದರಿಂದ ತನಗೆ ಬೇಡವೆಂದು ಭಾವಿಸುವುದೂ ಸರಿಯಲ್ಲ. ನೋಂದಣಿ ಪತ್ರ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ ಸಲ್ಲುತ್ತದೆ. ಕಂಪನಿಯ ಸಂಬಳದ ನೌಕರನ ಸ್ಥಾನವೇ ಬೇರೆ, ಕಮಿಷನ್ ಆಧಾರದ ಸ್ವತಂತ್ರ ವ್ಯಾಪಾರಿಯ ಸ್ಥಾನವೇ ಬೇರೆ.

ಕರ್ನಾಟಕದಲ್ಲಿ ನೋಂದಣಿ

ಕರ್ನಾಟಕದ ನಿಯಮಗಳು 2017ರ ಜುಲೈನಲ್ಲಿ ಪ್ರಕಟವಾದವು. ಅರ್ಜಿಯನ್ನು ನಮೂನೆ ‘ಜಿ’ಯಲ್ಲಿ ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರಕ್ಕೆ ಅದರ ಜಾಲತಾಣದ ಮೂಲಕ ಸಲ್ಲಿಸಬೇಕು. ಸಂಸ್ಥೆಯ ಸ್ವರೂಪದ ವಿವರ, ಭಾವಚಿತ್ರ, ಪ್ಯಾನ್ ಕಾರ್ಡಿನ ಪ್ರತಿ, ವ್ಯವಹಾರ ಸ್ಥಳದ ವಿಳಾಸದ ದಾಖಲೆ ಹಾಗೂ ಹಿಂದಿನ 3 ವರ್ಷಗಳ ಆದಾಯ ತೆರಿಗೆ ವಿವರಣೆಗಳನ್ನು ಲಗತ್ತಿಸಬೇಕು. 2017ರ ನಿಯಮಗಳು ನಿಗದಿಪಡಿಸಿದ ಶುಲ್ಕ ವ್ಯಕ್ತಿಗಳಿಗೆ ರೂ. 25,000, ಪಾಲುದಾರಿಕೆ ಸಂಸ್ಥೆ, ಕಂಪನಿ ಮುಂತಾದವುಗಳಿಗೆ ರೂ. 2 ಲಕ್ಷ. ನೋಂದಣಿಯ ಅವಧಿ 5 ವರ್ಷ. ಅವಧಿ ಮುಗಿಯುವ 3 ತಿಂಗಳ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬೇಕು.

ಶುಲ್ಕದ ಈ ವ್ಯತ್ಯಾಸವನ್ನು ವರ್ತಕರು ಮೊದಲೇ ಗಮನಿಸುವುದು ಲೇಸು. ಪಾಲುದಾರಿಕೆ ಅಂಗಡಿಯ ಹೆಸರಿನಲ್ಲಿ ಕಮಿಷನ್ ಪಡೆಯುತ್ತಾ ಪಾಲುದಾರರೊಬ್ಬರ ವೈಯಕ್ತಿಕ ಹೆಸರಿನಲ್ಲಿ ನೋಂದಣಿ ಮಾಡಿಸಿದರೆ, ಬಿಲ್ಲು ಒಬ್ಬರದು, ನೋಂದಣಿ ಇನ್ನೊಬ್ಬರದು ಎಂದಾಗುತ್ತದೆ. ಯಾರ ಹೆಸರಿನಲ್ಲಿ ವ್ಯವಹಾರ ನಡೆಯುವುದೆಂಬುದನ್ನು ನಿರ್ಧರಿಸಿದ ಬಳಿಕವೇ ಅರ್ಜಿ ಸಲ್ಲಿಸಬೇಕು.

ನೋಂದಣಿ ಆಯಾ ರಾಜ್ಯಕ್ಕೆ ಸೀಮಿತ. ಅಂತರಜಾಲಕ್ಕೆ ಗಡಿಯಿಲ್ಲ, ನೋಂದಣಿಗೆ ಗಡಿಯಿದೆ. ಬೆಂಗಳೂರಿನಲ್ಲಿ ಕುಳಿತು ಹೊಸೂರಿನ ಬಡಾವಣೆಗೆ ಗಿರಾಕಿ ಕಳುಹಿಸುವವರಿಗೆ ತಮಿಳುನಾಡಿನ ನೋಂದಣಿ ಬೇಕು. ಬೆಳಗಾವಿಯಿಂದ ಪುಣೆಯ ಯೋಜನೆಗೆ ಕಳುಹಿಸುವವರಿಗೆ ಮಹಾರಾಷ್ಟ್ರದ್ದು ಬೇಕು. ಮಹಾರಾಷ್ಟ್ರದ ಪ್ರಾಧಿಕಾರವು 2023ರ ಆದೇಶದ ಮೂಲಕ ಏಜೆಂಟರಿಗೆ ತರಬೇತಿ ಮತ್ತು ಅರ್ಹತಾ ಪ್ರಮಾಣಪತ್ರವನ್ನೂ ಕಡ್ಡಾಯಗೊಳಿಸಿತು.

ಕರ್ತವ್ಯಗಳು ಮತ್ತು ದಂಡ

ಕಲಂ 10ರ ಪ್ರಕಾರ, ನೋಂದಣಿಯಾಗಬೇಕಾಗಿದ್ದೂ ಆಗಿಲ್ಲದ ಯೋಜನೆಯ ನಿವೇಶನ ಅಥವಾ ಮನೆಯ ಮಾರಾಟಕ್ಕೆ ಏಜೆಂಟನು ನೆರವಾಗಕೂಡದು. ಭೂಮಿಯ ವಿಸ್ತೀರ್ಣ 500 ಚದರ ಮೀಟರ್ ಮೀರದ, ಅಥವಾ ಒಟ್ಟು ಅಪಾರ್ಟ್‌ಮೆಂಟುಗಳು 8ಕ್ಕಿಂತ ಹೆಚ್ಚಿಲ್ಲದ ಯೋಜನೆಗಳಿಗೆ ನೋಂದಣಿಯಿಂದ ವಿನಾಯಿತಿ ಇದೆ. ‘ರೇರಾ ಅನುಮತಿ ಬರಲಿದೆ’ ಎಂಬ ಭರವಸೆಯ ಮೇಲೆ ಬಡಾವಣೆಯ ಚಿತ್ರಗಳನ್ನು ವಾಟ್ಸ್‌ಆ್ಯಪ್ ಗುಂಪುಗಳಿಗೆ ರವಾನಿಸುವವರು ಈ ಕಲಮನ್ನು ಓದುವುದು ಅಗತ್ಯ. ಇದಲ್ಲದೆ ಲೆಕ್ಕಪತ್ರ ಇಡುವುದು, ಸುಳ್ಳು ಅಥವಾ ದಾರಿತಪ್ಪಿಸುವ ಹೇಳಿಕೆ ನೀಡದಿರುವುದು, ಗಿರಾಕಿಗೆ ದೊರೆಯಬೇಕಾದ ದಾಖಲೆಗಳು ಬುಕಿಂಗ್ ಸಮಯದಲ್ಲಿ ದೊರೆಯುವಂತೆ ನೋಡಿಕೊಳ್ಳುವುದು ಏಜೆಂಟನ ಕರ್ತವ್ಯಗಳು. ತಾನು ನೆರವಾದ ಪ್ರತಿಯೊಂದು ಮಾರಾಟದಲ್ಲಿಯೂ ತನ್ನ ನೋಂದಣಿ ಸಂಖ್ಯೆಯನ್ನು ನಮೂದಿಸಬೇಕು.

ಕಲಂ 9 ಅಥವಾ 10ನ್ನು ಉಲ್ಲಂಘಿಸಿದರೆ ಕಲಂ 62ರಂತೆ ದಿನಕ್ಕೆ ರೂ. 10,000 ದಂಡ. ಒಟ್ಟು ದಂಡವು ಮಾರಾಟವಾದ ಆಸ್ತಿಯ ಬೆಲೆಯ ಶೇ. 5ರವರೆಗೆ ಏರಬಹುದು. ಉದಾಹರಣೆಗೆ, ರೂ. 60 ಲಕ್ಷದ ಅಪಾರ್ಟ್‌ಮೆಂಟಿಗೆ ಟೈಲ್ಸ್ ವ್ಯಾಪಾರಿಯೊಬ್ಬರು ಗಿರಾಕಿಯನ್ನು ಪರಿಚಯಿಸಿ ಶೇ. 1ರ ದರದಲ್ಲಿ ರೂ. 60,000 ಪಡೆದರೆನ್ನೋಣ. ನೋಂದಣಿಯಿಲ್ಲದ ಸ್ಥಿತಿ 30 ದಿನ ಮುಂದುವರಿದರೆ ದಂಡ ರೂ. 3 ಲಕ್ಷದ ಗರಿಷ್ಠ ಮಿತಿಯನ್ನು ತಲುಪುತ್ತದೆ. ಗಳಿಸಿದ ಕಮಿಷನ್ನಿನ ಐದು ಪಟ್ಟು ಕೈಯಿಂದ ತೆರಬೇಕಾಗುತ್ತದೆ. ವೈಯಕ್ತಿಕ ನೋಂದಣಿಯ ಶುಲ್ಕಕ್ಕೆ ಹೋಲಿಸಿದರೆ ಇದು ಹನ್ನೆರಡು ಪಟ್ಟು.

ತೆರಿಗೆಯ ಅಂಶಗಳು

ಕಮಿಷನ್ನಿನ ಮೇಲೆ ಶೇ. 18ರಷ್ಟು ಜಿಎಸ್‌ಟಿ ಅನ್ವಯವಾಗುತ್ತದೆ. ಸೇವೆಗಳಿಗೆ ರೂ. 20 ಲಕ್ಷದ ಮಿತಿ ಇದೆಯೆಂಬ ಕಾರಣದಿಂದ ಹಲವರು ಇದನ್ನು ಕಡೆಗಣಿಸುತ್ತಾರೆ. ಆದರೆ ಸರಕಿನ ವ್ಯಾಪಾರಕ್ಕಾಗಿ ಈಗಾಗಲೇ ಸಾಮಾನ್ಯ ಪದ್ಧತಿಯಲ್ಲಿ ನೋಂದಣಿ ಪಡೆದ ವರ್ತಕನಿಗೆ ಈ ಮಿತಿಯ ಪ್ರಯೋಜನವಿಲ್ಲ. ಮೊದಲ ರೂಪಾಯಿಯಿಂದಲೇ ತೆರಿಗೆ. ಕಾಂಪೊಸಿಷನ್ ಪದ್ಧತಿಯಲ್ಲಿರುವ ವ್ಯಾಪಾರಿಯು ಹಿಂದಿನ ವರ್ಷದ ವಹಿವಾಟಿನ ಶೇ. 10 ಅಥವಾ ರೂ. 5 ಲಕ್ಷ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟರವರೆಗೆ ಮಾತ್ರ ಸೇವೆ ನೀಡಬಹುದು. ಅದನ್ನು ಮೀರಿದರೆ ಆ ಪದ್ಧತಿಯ ಸೌಲಭ್ಯವೇ ಕೈತಪ್ಪುತ್ತದೆ.

ಕಂಪನಿಯು ದಲ್ಲಾಳಿ ಹಣ ಪಾವತಿಸುವಾಗ ವರ್ಷದ ಮೊತ್ತ ರೂ. 20,000 ಮೀರಿದರೆ ಮೂಲದಲ್ಲೇ ಆದಾಯ ತೆರಿಗೆ ಕಡಿತ ಮಾಡಬೇಕು. ಇದರ ದರವನ್ನು 2024ರ ಅಕ್ಟೋಬರ್ 1ರಿಂದ ಶೇ. 5ರಿಂದ ಶೇ. 2ಕ್ಕೆ ಇಳಿಸಲಾಯಿತು. ಈ ಕಡಿತವು ದಲ್ಲಾಳಿ ಎಂಬ ಶೀರ್ಷಿಕೆಯಡಿ ವರ್ತಕನ ಪ್ಯಾನ್‌ನಲ್ಲಿ ದಾಖಲಾಗುವುದರಿಂದ, ‘ನಾನು ಏಜೆಂಟನಲ್ಲ’ ಎಂಬ ವಾದಕ್ಕೆ ಅವನ ತೆರಿಗೆ ದಾಖಲೆಯೇ ವಿರುದ್ಧ ಸಾಕ್ಷಿಯಾಗಿ ನಿಲ್ಲಬಹುದು. ಇದಲ್ಲದೆ, 2020ರ ಡಿಸೆಂಬರ್ 28ರ ಕೇಂದ್ರ ಅಧಿಸೂಚನೆಯು ವಾರ್ಷಿಕ ವಹಿವಾಟು ರೂ. 20 ಲಕ್ಷ ಮತ್ತು ಅದಕ್ಕೂ ಮೇಲ್ಪಟ್ಟ ಸ್ಥಿರಾಸ್ತಿ ಏಜೆಂಟರನ್ನು ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆಯ ವ್ಯಾಪ್ತಿಗೆ ತಂದಿದೆ. ಅಂಥವರು ಗಿರಾಕಿಗಳ ಗುರುತಿನ ದಾಖಲೆಗಳನ್ನು ಕ್ರಮಬದ್ಧವಾಗಿ ಕಾಯ್ದಿಡಬೇಕು.

ವರ್ತಕರು ಕೈಗೊಳ್ಳಬೇಕಾದ ಕ್ರಮ

ರೆಫರಲ್ ಆದಾಯವಿರುವ ವರ್ತಕರು ಮೊದಲು ಹಿಂದಿನ ವರ್ಷಗಳ ಲೆಕ್ಕಪುಸ್ತಕದಲ್ಲಿ ‘ಇತರ ಆದಾಯ’ ಎಂದು ಬರೆದಿರುವ ಮೊತ್ತಗಳನ್ನು ಪರಿಶೀಲಿಸಬೇಕು. ಅದರಲ್ಲಿ ಬಿಲ್ಡರುಗಳಿಂದಾಗಲಿ ಆ್ಯಪ್ ಕಂಪನಿಗಳಿಂದಾಗಲಿ ಬಂದ ಹಣವಿದ್ದರೆ ಅದು ಯಾವ ಯೋಜನೆಗೆ, ಯಾವ ರಾಜ್ಯಕ್ಕೆ ಸಂಬಂಧಿಸಿದ್ದೆಂದು ಪಟ್ಟಿ ಮಾಡಬೇಕು. ಹೊಸ ಗಿರಾಕಿಯನ್ನು ಕಳುಹಿಸುವ ಮುನ್ನ ಯೋಜನೆಯ ನೋಂದಣಿ ಸಂಖ್ಯೆಯನ್ನು ಪ್ರಾಧಿಕಾರದ ಜಾಲತಾಣದಲ್ಲಿ ತಾಳೆ ನೋಡಬೇಕು. ವ್ಯವಹಾರ ಮುಂದುವರಿಸುವ ಉದ್ದೇಶವಿದ್ದರೆ ನೋಂದಣಿ ಪಡೆಯಬೇಕು. ವರ್ಷಕ್ಕೊಂದೆರಡು ಗಿರಾಕಿಗಳ ಕಮಿಷನ್ನಿಗಾಗಿ ಇಷ್ಟು ಶುಲ್ಕ ಮತ್ತು ಹೊಣೆ ಹೊರುವುದು ಲಾಭಕರವಲ್ಲವೆನಿಸಿದರೆ ಕಮಿಷನ್ ಪಡೆಯುವುದನ್ನು ನಿಲ್ಲಿಸುವುದೇ ಕ್ಷೇಮ. ಎರಡರ ನಡುವೆ, ನೋಂದಣಿಯೂ ಇಲ್ಲದೆ ವ್ಯವಹಾರವನ್ನೂ ಬಿಡದೆ ನಡೆಯುವ ದಾರಿಯಲ್ಲಿ, ಅನೇಕ ವರ್ಷಗಳ ಶ್ರಮದಿಂದ ಕಟ್ಟಿದ ಮೂಲ ವ್ಯಾಪಾರದ ಹಣವೇ ದಂಡಕ್ಕೆ ಹೋಗುವ ಸಂಭವವಿದೆ.