ವಾಕಿಟಾಕಿಯಲ್ಲಿ ವಿಮಾನದ ಮಾತು ಕೇಳಬಹುದೇ?

ಆನ್‌ಲೈನ್‌ನಲ್ಲಿ ವಾಕಿಟಾಕಿ ಹುಡುಕಿದವರು ಇದನ್ನು ಗಮನಿಸಿರಬಹುದು. ಕೆಲವು ಸೆಟ್‌ಗಳ ವಿವರದಲ್ಲಿ ‘ಏರ್ ಬ್ಯಾಂಡ್ ಕೂಡ ಕೇಳಿಸುತ್ತದೆ’ ಎಂದು ಬರೆದಿರುತ್ತಾರೆ. ಇಬ್ಬರು ಮಾತಾಡಿಕೊಳ್ಳುವ ಸೆಟ್‌ನಲ್ಲೇ ತಲೆಯ ಮೇಲೆ ಹಾರುವ ವಿಮಾನದ ಪೈಲಟ್ ಮಾತೂ ಸಿಗುತ್ತದೆ ಎಂದು ಅದರ ಅರ್ಥ. ಬೆಲೆ ಎರಡು ಮೂರು ಸಾವಿರ ರೂಪಾಯಿ. ಯಾರಿಗಾದರೂ ಆಸೆಯಾಗುತ್ತದೆ.

ನಮ್ಮ ಮನೆಯಲ್ಲಿ ಈ ಸೆಟ್‌ನ ಬಗ್ಗೆ ವಾರಗಟ್ಟಲೆ ಚರ್ಚೆ ನಡೆಯಿತು. ಮಾಮು ಗುಂಡ್ಲುಪೇಟೆಯಿಂದ ಕೇರಳಕ್ಕೆ ಎರಡು ಪಿಕಪ್‌ಗಳಲ್ಲಿ ತರಕಾರಿ ಕಳಿಸುತ್ತಾರೆ. ಬಂಡೀಪುರದ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಬಂದ್ ಇರುವುದು ಎಲ್ಲರಿಗೂ ಗೊತ್ತು. ಹಗಲು ಹೋದರೂ ಕಾಡಿನೊಳಗೆ ಮೊಬೈಲ್ ಸಿಗ್ನಲ್ ಅಲ್ಲಲ್ಲಿ ಕೈಕೊಡುತ್ತದೆ. ಮುಂದಿನ ಗಾಡಿಯವನು ಹಿಂದಿನವನ ಜೊತೆ ಮಾತಾಡಲು ವಾಕಿಟಾಕಿ ಬೇಕು ಎನ್ನುವುದು ಮಾಮು ಆಸೆ. ಅವರ ಮಗನಿಗೆ, ಅಂದರೆ ನಮ್ಮ ಭಾಯಿಗೆ, ವಿಮಾನದ ಹುಚ್ಚು. “ದುಡ್ಡು ಒಂದೇ ಸಲ ಹೋಗಲಿ, ಕೆಲಸ ಎರಡೂ ಆಗಲಿ. ನೀನು ಕಾಮರ್ಸ್ ಅಲ್ವಾ ಬೇಟಾ, ಲೆಕ್ಕ ಹಾಕಿ ಹೇಳು” ಎಂದರು ಮಾಮು. ಲೆಕ್ಕ ಹಾಕುವ ಮೊದಲು ನಾನು ಸ್ವಲ್ಪ ವಿಜ್ಞಾನ ಓದಬೇಕಾಯಿತು.

ರೇಡಿಯೋ ಅಲೆಗಳನ್ನು ಒಂದು ಉದ್ದನೆಯ ಬೀದಿ ಎಂದುಕೊಳ್ಳಿ. ಮನೆ ನಂಬರಿನ ಬದಲು ಇಲ್ಲಿ ಮೆಗಾಹರ್ಟ್ಜ್. 88ರಿಂದ 108ರವರೆಗೆ ನಾವು ಹಾಡು ಕೇಳುವ ಎಫ್.ಎಂ. ಸ್ಟೇಷನ್‌ಗಳಿವೆ. 108ರಿಂದ 118ರವರೆಗೆ ವಿಮಾನಕ್ಕೆ ದಾರಿ ತೋರಿಸುವ ಸಂಕೇತಗಳು. 118ರಿಂದ 137ರವರೆಗೆ ಪೈಲಟ್ ಮತ್ತು ಕಂಟ್ರೋಲರ್ ಮಾತಾಡುವ ಜಾಗ, ಅದರಲ್ಲಿ 121.5 ಅಪಾಯದಲ್ಲಿರುವವರು ಕರೆಯಲು ಮೀಸಲು. 144ರಿಂದ 146 ಹ್ಯಾಮ್ ರೇಡಿಯೋದವರದು. ಬಹಳ ಮುಂದೆ, 446ರ ಹತ್ತಿರ, ಲೈಸೆನ್ಸ್ ಇಲ್ಲದವರಿಗೂ ಬಿಟ್ಟಿರುವ ಒಂದು ಸಣ್ಣ ಜಾಗ ಇದೆ.

ಎಲ್ಲ ಕಡೆ ಸಿಗುವ ಬಾವ್‌ಫೆಂಗ್ ಯುವಿ-5ಆರ್ ಸೆಟ್ಟನ್ನು ಈ ಬೀದಿಯಲ್ಲಿ ನಡೆಸಿ ನೋಡಿ. ಹಾಡಿನ ಎಫ್.ಎಂ. 108ಕ್ಕೆ ಮುಗಿಯುತ್ತದೆ. ವಾಕಿಟಾಕಿಯ ಭಾಗ 136ಕ್ಕೆ ಶುರುವಾಗುತ್ತದೆ. ನಡುವಿನದು ಅದಕ್ಕೆ ಕೇಳಿಸುವುದೇ ಇಲ್ಲ, ವಿಮಾನದ ಮಾತು ಹೆಚ್ಚುಕಡಿಮೆ ಪೂರ್ತಿ ಇರುವುದು ಅಲ್ಲೇ! ಅದೇ ಅಳತೆಯ ಕ್ವಾನ್‌ಶೆಂಗ್ ಯುವಿ-ಕೆ5 ಆ ಜಾಗವನ್ನೂ ಕೇಳುತ್ತದೆ. ಜಪಾನಿನ ಯಾಯೆಸು ಕಂಪನಿಯ ಹಳೆಯ ಎಫ್‌ಟಿ-60ಆರ್ ಕೇಳುತ್ತದೆ, ಆಮೇಲೆ ಬಂದ ಎಫ್‌ಟಿ-65ಆರ್ ಕೇಳುವುದಿಲ್ಲ. ಹೊಸದು, ದೊಡ್ಡ ನಂಬರಿನದು ಎಂದು ನಂಬಿ ಕೊಂಡರೆ ಮೋಸ ಹೋಗುತ್ತೀರಿ.

ಬ್ಯಾಂಡ್ ಸರಿಯಾಗಿದ್ದರೂ ಇನ್ನೊಂದು ವಿಷಯ ಉಳಿಯುತ್ತದೆ. ವಾಕಿಟಾಕಿಗಳು ಎಫ್.ಎಂ. ವಿಧಾನದಲ್ಲಿ ಮಾತಾಡುತ್ತವೆ, ವಿಮಾನಗಳು ಎ.ಎಂ. ವಿಧಾನದಲ್ಲಿ. ಹಳೆಯ ಎ.ಎಂ. ಅನ್ನು ವಿಮಾನದವರು ಇನ್ನೂ ಬಿಡದಿರಲು ಒಳ್ಳೆಯ ಕಾರಣ ಇದೆ. ಎಫ್.ಎಂ.ನಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಬಲವಾದ ಸಿಗ್ನಲ್ ಮಾತ್ರ ಕೇಳುತ್ತದೆ, ದುರ್ಬಲವಾದದ್ದು ಮುಚ್ಚಿಹೋಗುತ್ತದೆ. ಎ.ಎಂ.ನಲ್ಲಿ ಎರಡೂ ಸೇರಿ ಕೀರಲು ಶಬ್ದ ಬರುತ್ತದೆ. ಕಿವಿಗೆ ಹಿಂಸೆ ನಿಜ, ಆದರೆ ‘ಇನ್ನೊಬ್ಬರು ಕರೆಯುತ್ತಿದ್ದಾರೆ’ ಎಂದು ಕಂಟ್ರೋಲರ್‌ಗೆ ತಿಳಿಯುತ್ತದೆ. ಆ ಇನ್ನೊಬ್ಬರ ಎಂಜಿನ್ ಕೆಟ್ಟಿರಬಹುದು. ಹಾಗಾಗಿ ಸೆಟ್‌ನ ವಿವರದಲ್ಲಿ 108–136 ಎಂದಷ್ಟೇ ಇದ್ದರೆ ಸಾಲದು, ಪಕ್ಕದಲ್ಲಿ ಎ.ಎಂ. ಎಂದೂ ಇರಬೇಕು. ಇಲ್ಲದಿದ್ದರೆ ಕೇಳುವುದು ಗರಗರ ಅಷ್ಟೇ.

ಇಷ್ಟಾದ ಮೇಲೆ ಭಾಯಿ ಕೇಳಿದ ಪ್ರಶ್ನೆ, “ನಮ್ಮೂರಲ್ಲಿ ಏರ್‌ಪೋರ್ಟೇ ಇಲ್ಲ, ಏನು ಕೇಳುತ್ತೆ?” ಈ ಅಲೆಗಳು ನೇರ ದಾರಿಯಲ್ಲಿ ಹೋಗುತ್ತವೆ, ಭೂಮಿಯ ಉಬ್ಬು ಅಡ್ಡ ಬಂದರೆ ಮುಗಿಯಿತು. ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.1ರಿಂದ ಗುಣಿಸಿದರೆ ಅಲೆ ಎಷ್ಟು ಕಿಲೋಮೀಟರ್ ತಲುಪುತ್ತದೆ ಎಂಬ ಅಂದಾಜು ಸಿಗುತ್ತದೆ. 35,000 ಅಡಿ ಎಂದರೆ ಸುಮಾರು 10,700 ಮೀಟರ್, ವರ್ಗಮೂಲ 103ರಷ್ಟು. ಹಾಗಾದರೆ 420 ಕಿಲೋಮೀಟರ್! ಚೆನ್ನೈ ಮೇಲಿರುವ ವಿಮಾನ ಕೂಡ ಲೆಕ್ಕದ ಪ್ರಕಾರ ಚಾಮರಾಜನಗರಕ್ಕೆ ಕಾಣುವ ದೂರದಲ್ಲೇ ಇದೆ. ನೆಲದ ಕಥೆ ಬೇರೆ. ನಮಗೆ ಹತ್ತಿರದ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣ ಗುಂಡ್ಲುಪೇಟೆಯಿಂದ ನೇರ ಗೆರೆಯಲ್ಲಿ 45 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. 20 ಮೀಟರ್ ಎತ್ತರದ ಆಂಟೆನಾ ಎಂದುಕೊಂಡರೂ ಅದರ ಅಲೆ ತಲುಪುವುದು 18 ಕಿಲೋಮೀಟರ್. ಆದ್ದರಿಂದ ನಮ್ಮ ಮಹಡಿಯ ಮೇಲೆ ನಿಂತರೆ ಪೈಲಟ್‌ನ ಉತ್ತರ ಕೇಳಬಹುದು, ಅವನಿಗೆ ಬಂದ ಪ್ರಶ್ನೆ ಕೇಳುವುದು ಕಷ್ಟ. ಮನೆಯವರು ಫೋನಿನಲ್ಲಿ ಮಾತಾಡುವುದನ್ನು ಪಕ್ಕದಲ್ಲಿ ಕೂತು ಕೇಳಿದ ಹಾಗೆ.

ಆ ಅರ್ಧ ಮಾತೂ ಸ್ವಾರಸ್ಯವಾಗಿಯೇ ಇರುತ್ತದೆ. ಇಂಡಿಗೋ ವಿಮಾನ ತನ್ನನ್ನು ‘ಐಫ್ಲೈ’ ಎಂದು ಕರೆದುಕೊಳ್ಳುತ್ತದೆ. 9 ಅನ್ನು ‘ನೈನರ್’ ಎನ್ನಬೇಕು, ಬೇರೆ ಅಂಕಿಯ ಜೊತೆ ಗೊಂದಲ ಆಗಬಾರದಲ್ಲ. ಕಂಟ್ರೋಲರ್ ಹೇಳಿದ್ದನ್ನು ಪೈಲಟ್ ಮತ್ತೆ ಒಪ್ಪಿಸಬೇಕು. ನಮ್ಮ ಕ್ಲಾಸಿನಲ್ಲಿ ಈ ನಿಯಮ ತಂದರೆ ಎಷ್ಟು ಜನ ಉಳಿಯುತ್ತಾರೋ!

ಎತ್ತರಕ್ಕೆ ಹೋದರೆ ಹೆಚ್ಚು ಕೇಳುತ್ತದೆ ಎಂದು 1,454 ಮೀಟರ್ ಎತ್ತರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಮಾತ್ರ ಸೆಟ್ ಹಿಡಿದು ಹೋಗಬೇಡಿ. ಅದು ಹುಲಿ ಸಂರಕ್ಷಿತ ಪ್ರದೇಶ. ಅರಣ್ಯ ಸಿಬ್ಬಂದಿಯೂ ವೈರ್‌ಲೆಸ್ ಬಳಸುತ್ತಾರೆ. ಅಂಥ ಕಡೆ ವಾಕಿಟಾಕಿ ಹಿಡಿದ ಹುಡುಗನನ್ನು ಕಂಡರೆ ಯಾರಾದರೂ ವಿಚಾರಿಸಿಯೇ ವಿಚಾರಿಸುತ್ತಾರೆ, ವಿಚಾರಿಸಲೂಬೇಕು.

ಇನ್ನು ಕಾನೂನು. ಸೆಟ್ ಆರಿಸುವಾಗ ಎಲ್ಲರೂ ಇದನ್ನು ಕೊನೆಗೆ ಇಡುತ್ತಾರೆ. ಮೊದಲು ನೋಡಬೇಕಾದದ್ದೇ ಇದು ಎಂದು ನನ್ನ ಅಭಿಪ್ರಾಯ. ಹಿಂದೆ 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಇತ್ತು, ಈಗ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಎರಡರ ತಿರುಳೂ ಒಂದೇ: ರೇಡಿಯೋ ಉಪಕರಣವನ್ನು ಅನುಮತಿ ಅಥವಾ ವಿನಾಯಿತಿ ಇಲ್ಲದೆ ಬಳಸುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ತಪ್ಪು. 2018ರ ಅಕ್ಟೋಬರ್‌ನಲ್ಲಿ ಸರ್ಕಾರ 446.0ರಿಂದ 446.2ರವರೆಗಿನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. ಆ ಸೆಟ್‌ಗೂ ಇ.ಟಿ.ಎ. ಎಂಬ ಮಾದರಿ ಅನುಮೋದನೆ ಇರಬೇಕು. ಎಲ್ಲ ಕಡೆ ತಿರುಗುವ ಐದು ವ್ಯಾಟ್ ಸೆಟ್ಟನ್ನು ತಂದು 446ಕ್ಕೆ ಇಟ್ಟುಕೊಂಡರೆ ವಿನಾಯಿತಿ ಸಿಗುವುದಿಲ್ಲ.

ಮಾಮು ಹೇಳಿದ ‘ಒಂದೇ ಸಲ’ ಲೆಕ್ಕ ತಪ್ಪುವುದು ಇಲ್ಲೇ. ಲೈಸೆನ್ಸ್ ಬೇಡದ ಸೆಟ್‌ಗೆ ಲೈಸೆನ್ಸ್ ಬೇಡ ಎಂದಾಗಿರುವುದು ಅದು ಆ ಸಣ್ಣ ಜಾಗ ಬಿಟ್ಟು ಬೇರೆಲ್ಲೂ ಹೋಗುವುದಿಲ್ಲ ಎಂಬ ಕಾರಣಕ್ಕೆ. ವಿಮಾನ ಕೇಳುವ ವಾಕಿಟಾಕಿ ಅಗಲವಾದ ಸೆಟ್, ಅದಕ್ಕೆ ಲೈಸೆನ್ಸ್ ಬೇಕು. “ಸರಿ, ಹ್ಯಾಮ್ ಲೈಸೆನ್ಸ್ ತೆಗೆದುಕೊಂಡರಾಯಿತು” ಎನ್ನಬಹುದು. ಹ್ಯಾಮ್ ಬ್ಯಾಂಡಿನಲ್ಲಿ ವ್ಯಾಪಾರದ ಮಾತು ಆಡುವಂತಿಲ್ಲ. ಟೊಮ್ಯಾಟೊ ಕ್ರೇಟಿನ ಲೆಕ್ಕವೂ ವ್ಯಾಪಾರವೇ. ಸಾಲದ್ದಕ್ಕೆ ಇಬ್ಬರು ಡ್ರೈವರ್‌ಗಳೂ ಪರೀಕ್ಷೆ ಪಾಸು ಮಾಡಬೇಕು. ಆದ್ದರಿಂದ ನನ್ನ ತೀರ್ಪು: ಗಾಡಿಗಳಿಗೆ ಇ.ಟಿ.ಎ. ಇರುವ 446ರ ಒಂದು ಜೋಡಿ. ಅದು ದೂರ ಹೋಗುವುದಿಲ್ಲ, ಗಾಡಿಗಳು ಹಿಂದೆ ಮುಂದೆ ಹತ್ತಿರವೇ ಹೋಗಬೇಕು. ವಿಮಾನದ ಆಸೆಗೆ ಬೇರೆ ದಾರಿ.

ಆ ದಾರಿ ಪರೀಕ್ಷೆಯ ದಾರಿ. ಹ್ಯಾಮ್ ಪರೀಕ್ಷೆಗೆ 12 ವರ್ಷ ತುಂಬಿದ್ದರೆ ಸಾಕು. ರೆಸ್ಟ್ರಿಕ್ಟೆಡ್ ಗ್ರೇಡ್‌ನಲ್ಲಿ ಮೋರ್ಸ್ ಕೋಡ್ ಇಲ್ಲ. ಪೈಲಟ್ ಆಗಲು ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಕೇಳುತ್ತಾರೆ, ಹ್ಯಾಮ್ ಆಗಲು ನೀನು ಯಾವ ಕಾಂಬಿನೇಷನ್ ಎಂದು ಯಾರೂ ಕೇಳುವುದಿಲ್ಲ. ಮೈಸೂರಿನಲ್ಲಿ 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಶುರುಮಾಡಿದ ಎಂ.ವಿ. ಗೋಪಾಲಸ್ವಾಮಿ ಎಂಜಿನಿಯರ್ ಅಲ್ಲ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲೈಸೆನ್ಸ್ ಬಂದ ಮೇಲೂ ವಿಮಾನದ ಬ್ಯಾಂಡಿನಲ್ಲಿ ಬಾಯಿ ತೆರೆಯುವಂತಿಲ್ಲ. ಸಾಫ್ಟ್‌ವೇರ್ ಬದಲಿಸಿ ಯುವಿ-ಕೆ5ನಲ್ಲಿ ಅಲ್ಲೂ ಮಾತಾಡಬಹುದು ಎಂದು ತೋರಿಸುವ ವಿಡಿಯೋಗಳಿವೆ, ದಯವಿಟ್ಟು ಅತ್ತ ಹೋಗಬೇಡಿ. ಜೇಬಿನಲ್ಲಿ ಬಟನ್ ಒತ್ತಿಕೊಂಡರೂ ಒಬ್ಬ ಪೈಲಟ್‌ನ ಕರೆಗೆ ಅಡ್ಡಿಯಾಗಬಹುದು. ಕೇಳಿದ್ದನ್ನು ರೆಕಾರ್ಡ್ ಮಾಡಿ ಸ್ಟೇಟಸ್‌ಗೆ ಹಾಕುವುದೂ ಬೇಡ, ಆ ಮಾತು ನಮಗಾಗಿ ಆಡಿದ್ದಲ್ಲ. ಲೈಸೆನ್ಸ್ ಬರುವವರೆಗೆ ಫ್ಲೈಟ್‌ರಾಡಾರ್24 ಆ್ಯಪ್‌ನಲ್ಲಿ ತಲೆಯ ಮೇಲಿನ ವಿಮಾನ ಎಲ್ಲಿಂದ ಎಲ್ಲಿಗೆ ಎಂದು ನೋಡಬಹುದು, ಅದು ಪುಕ್ಕಟೆ.

ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದಲ್ಲಿ ಗ್ರಾಹಕನಿಗೆ ಮಾಹಿತಿಯ ಹಕ್ಕು ಇದೆ ಎಂದು ಓದುತ್ತೇವಲ್ಲ, ಅದಕ್ಕೆ ವಾಕಿಟಾಕಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಫ್ರೀಕ್ವೆನ್ಸಿ, ಲೈಸೆನ್ಸ್, ಅನುಮೋದನೆ ಯಾವುದನ್ನೂ ಸರಿಯಾಗಿ ತಿಳಿಸದೆ ವಾಕಿಟಾಕಿ ಮಾರುತ್ತಿದ್ದ 13 ಆನ್‌ಲೈನ್ ಮಾರಾಟ ತಾಣಗಳಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2025ರ ಮೇ ತಿಂಗಳಲ್ಲಿ ನೋಟಿಸ್ ಕೊಟ್ಟಿತು. ಆಮೇಲೆ ಇದಕ್ಕಾಗಿಯೇ ಮಾರ್ಗಸೂಚಿಯೂ ಬಂತು. ದುಡ್ಡು ಕಟ್ಟುವ ಮೊದಲು ಈ ಮೂರನ್ನೂ ಕೇಳಿ. ಉತ್ತರ ಕೊಡದ ಅಂಗಡಿಯವನಿಂದ ಕೊಳ್ಳಬೇಡಿ.

ಕೊನೆಗೆ ಆಂಟೆನಾ, ಇದು ಲೈಸೆನ್ಸ್ ಪಡೆದವರಿಗೆ. ಸೆಟ್ ಜೊತೆ ಬರುವ ಗಿಡ್ಡ ರಬ್ಬರ್ ಆಂಟೆನಾ ವಿಮಾನದ ಬ್ಯಾಂಡಿಗೆ ಮಾಡಿದ್ದಲ್ಲ. ಕಾಲು ಅಲೆಯ ಉದ್ದ ಬೇಕೆಂದರೆ 75ನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿ, ಉತ್ತರ ಮೀಟರ್‌ನಲ್ಲಿ ಬರುತ್ತದೆ. 127ಕ್ಕೆ 59 ಸೆಂಟಿಮೀಟರ್, ನಮ್ಮ ಸ್ಕೇಲಿನ ಎರಡರಷ್ಟು.